ಸ್ಥಾನವೂ ಸಂಗ್ರಹವೂ: ಮಲಪ್ರಭಾ ತೀರದ ಶಿಲಾಪಾಠ

ದೇಶ ಸುತ್ತಿ ನೋಡು, ಕೋಶ ಓದಿ ನೋಡು ಎಂದು ಹಿರಿಯರು ಹೇಳಿದರು. ಕೋಶ ಓದುವವನು ಮನೆಯಲ್ಲಿ ಕುಳಿತಿರುತ್ತಾನೆ, ದೇಶ ಸುತ್ತುವವನ ಕೈಯಲ್ಲಿ ಪುಸ್ತಕವಿರುವುದಿಲ್ಲ ಎಂಬ ಭಾವನೆಯಿಂದ ಇವೆರಡನ್ನೂ ಜ್ಞಾನದ ಬೇರೆ ಬೇರೆ ದಾರಿಗಳೆಂದು ಎಣಿಸುವುದು ರೂಢಿ. ಆದರೆ ಕನ್ನಡ ನಾಡಿನಲ್ಲಿ ದೇಶವೇ ಕೋಶವಾಗಿರುವ ಕೆಲವು ಸ್ಥಳಗಳಿವೆ. ಅಲ್ಲಿ ಗುಡ್ಡದ ಬಂಡೆಯೇ ಹಾಳೆ, ಉಳಿಯೇ ಲೇಖನಿ. ಮಲಪ್ರಭಾ ನದಿಯ ಪರಿಸರದ ಐಹೊಳೆ, ಪಟ್ಟದಕಲ್ಲು, ಮಹಾಕೂಟ, ಬಾದಾಮಿಗಳು ಅಂಥ ಸ್ಥಳಗಳು. ಇವುಗಳೊಡನೆ ವಿಜಯಪುರದ ವಸ್ತುಸಂಗ್ರಹಾಲಯವನ್ನೂ ಕೂಡಲಸಂಗಮವನ್ನೂ ಸೇರಿಸಿಕೊಂಡರೆ, 1997ರವರೆಗೆ ಒಂದೇ ಜಿಲ್ಲೆಯಾಗಿದ್ದ ಅವಿಭಕ್ತ ವಿಜಯಪುರ ಸೀಮೆಯ ಸಾವಿರದ ನಾನೂರಕ್ಕೂ ಹೆಚ್ಚು ವರ್ಷಗಳ ಚರಿತ್ರೆ ಮೂರು ದಿನಗಳ ಪ್ರವಾಸದಲ್ಲಿ ಕಣ್ಣ ಮುಂದೆ ಹಾದುಹೋಗುತ್ತದೆ.

ಶಾಲೆಗಳು ಈ ಸ್ಥಳಗಳಿಗೆ ಪ್ರತಿವರ್ಷವೂ ಹೋಗುತ್ತವೆ. ದೀಪಾವಳಿ ಕಳೆದ ಮೇಲೆ ಬಸ್ಸು ಹೊರಡುತ್ತದೆ, ಬುತ್ತಿ ಕಟ್ಟಲಾಗುತ್ತದೆ, ಗೋಲಗುಂಬಜದಲ್ಲಿ ಮಕ್ಕಳು ಪ್ರತಿಧ್ವನಿಗಾಗಿ ಕೂಗುತ್ತಾರೆ, ಬಾದಾಮಿಯಲ್ಲಿ ಮಂಗಗಳಿಗೆ ಅಂಜುತ್ತಾರೆ, ಭಾವಚಿತ್ರ ತೆಗೆಸಿಕೊಂಡು ಮರಳುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಬಾಲ್ಯದಲ್ಲಿ ಉಂಟಾದ ಸಂತೋಷವೂ ಒಂದು ಸಂಸ್ಕಾರವೇ. ಆದರೆ ಮರಳಿ ಬಂದ ಮೇಲೆ, ಮಂಗಳೇಶನು ಏನನ್ನು ಬರೆಸಿದನು, ಎಲ್ಲಿ ಬರೆಸಿದನು, ಆ ಬರೆಹ ಈಗ ಎಲ್ಲಿದೆ ಎಂದು ಕೇಳಿದರೆ ಉತ್ತರ ಬರುವುದು ವಿರಳ. ನೋಡಿದ್ದು ಬಹಳ, ಕಂಡದ್ದು ಅಲ್ಪ ಎಂಬಂತಾಗುತ್ತದೆ. ನೋಟವು ಕಾಣ್ಕೆಯಾಗಬೇಕಾದರೆ ಒಂದು ವಿವೇಕ ಬೇಕು. ಸಂಗ್ರಹಾಲಯದಲ್ಲಿರುವ ವಸ್ತುವಿಗೆ ಒಂದು ಸ್ಥಾನವಿತ್ತು. ಸ್ಥಾನದಲ್ಲಿ ಉಳಿದಿರುವ ಕಲ್ಲಿಗೆ ಒಂದು ವಿವರಣೆ ಬೇಕು. ಸ್ಥಾನವನ್ನೂ ಸಂಗ್ರಹವನ್ನೂ ಕೂಡಿಸಿ ಓದಿದಾಗಲೇ ಇತಿಹಾಸದ ವಾಕ್ಯ ಪೂರ್ಣವಾಗುತ್ತದೆ. ಈ ಪಾಠಕ್ಕೆ ಮಲಪ್ರಭಾ ತೀರಕ್ಕಿಂತ ಉತ್ತಮವಾದ ಶಾಲೆ ಸುಲಭವಾಗಿ ದೊರೆಯದು.

ವಿಜಯಪುರ: ಸ್ಥಾನ ಬಿಟ್ಟ ಸ್ತಂಭ

ಪ್ರವಾಸವು ವಿಜಯಪುರದಿಂದ ಆರಂಭವಾಗುವುದು ಉಚಿತ. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲಶಾಹನ ಸಮಾಧಿಯಾದ ಗೋಲಗುಂಬಜದ ಎದುರಿಗೆ ನಗಾರಖಾನೆಯ ಕಟ್ಟಡವಿದೆ. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ವಸ್ತುಸಂಗ್ರಹಾಲಯ ಇರುವುದು ಅದರಲ್ಲಿಯೇ. ಗುಂಬಜಕ್ಕೆ ಧಾವಿಸುವ ಮಕ್ಕಳು ಇದನ್ನು ಬದಿಗೆ ಬಿಟ್ಟು ಹೋಗುವುದುಂಟು. ಆದರೆ ಕನ್ನಡ, ಸಂಸ್ಕೃತ, ಪಾರಸಿ, ಅರಬ್ಬಿ ಶಾಸನಗಳು ಒಂದೇ ಮಾಡಿನ ಕೆಳಗೆ ಸಿಗುವ ಇಂಥ ಎಡೆಗಳು ನಾಡಿನಲ್ಲಿ ಹಲವಿಲ್ಲ. ಜಿನಬಿಂಬಗಳೂ ಶೈವ ವೈಷ್ಣವ ಶಿಲ್ಪಗಳೂ ಆದಿಲಶಾಹಿ ಕಾಲದ ಹಸ್ತಪ್ರತಿ ಚಿತ್ರಗಳೂ ಅಲ್ಲಿ ನೆರೆಹೊರೆಯಾಗಿವೆ. ಈ ಸೀಮೆಯ ಚರಿತ್ರೆ ಒಂದು ಮತದ್ದಲ್ಲ, ಒಂದು ಭಾಷೆಯದಲ್ಲ, ಒಂದು ಅರಸುಮನೆತನದ್ದಲ್ಲ ಎಂಬುದು ಯಾವ ಉಪನ್ಯಾಸವೂ ಇಲ್ಲದೆ ಮಕ್ಕಳಿಗೆ ತಿಳಿಯುತ್ತದೆ.

ಈ ಸಂಗ್ರಹದಲ್ಲಿ ವಿದ್ಯಾರ್ಥಿಗಳು ಮುಖ್ಯವಾಗಿ ನೋಡತಕ್ಕದ್ದು ಮಹಾಕೂಟದ ಸ್ತಂಭವನ್ನು. ಬಾದಾಮಿಯ ಚಾಲುಕ್ಯ ದೊರೆ ಮಂಗಳೇಶನು ಕ್ರಿ.ಶ. 600ರ ಸುಮಾರಿನಲ್ಲಿ ಇದನ್ನು ಧರ್ಮಜಯಸ್ತಂಭವೆಂದು ನಿಲ್ಲಿಸಿದನು. ಚಾಲುಕ್ಯರ ವಂಶಕ್ರಮ, ಕಳಚುರಿ ಬುದ್ಧರಾಜನ ಮೇಲಿನ ಜಯ, ಮಕುಟೇಶ್ವರ ದೇವರಿಗೆ ಸಂದ 10 ಗ್ರಾಮಗಳ ದತ್ತಿ ಇವೆಲ್ಲ ಇದರ ಮೇಲೆ ಸಂಸ್ಕೃತದಲ್ಲಿ ಬರೆಯಲ್ಪಟ್ಟಿವೆ. ಒಂದನೆಯ ಪುಲಕೇಶಿಯ ರಾಣಿ ದುರ್ಲಭದೇವಿಯ ಹೆಸರೂ ಈ ದತ್ತಿಯ ಸಂದರ್ಭದಲ್ಲಿಯೇ ಬರುತ್ತದೆ. ದೇವರು ಮಹಾಕೂಟದಲ್ಲಿದ್ದಾನೆ, ದತ್ತಿಯ ಪತ್ರ ವಿಜಯಪುರದಲ್ಲಿದೆ. ಸ್ತಂಭವನ್ನು ನೋಡಿದ ವಿದ್ಯಾರ್ಥಿಯು ಅದರ ಆಕಾರವನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳಲಿ. ಮುಂದೆ ಮಹಾಕೂಟದಲ್ಲಿ ಆ ಹಾಳೆಯನ್ನು ಮತ್ತೆ ತೆರೆಯಬೇಕಾಗುತ್ತದೆ.

ವಿಜಯಪುರವು ಇನ್ನೊಂದು ಬಗೆಯ ಸಂಗ್ರಹಕ್ಕೂ ನೆಲೆಯಾಯಿತು. ವಕೀಲರಾಗಿ ಇಲ್ಲಿ ನೆಲೆಸಿದ ಫ. ಗು. ಹಳಕಟ್ಟಿಯವರು (1880–1964) ಮಠಗಳಲ್ಲಿಯೂ ಮನೆಗಳ ಜಗುಲಿ ಪೆಟ್ಟಿಗೆಗಳಲ್ಲಿಯೂ ಅಡಗಿದ್ದ ಓಲೆಗರಿಗಳನ್ನು ಹುಡುಕಿ ತಂದು, ಶೋಧಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಪೂಜೆಗೊಳ್ಳುತ್ತಿದ್ದರೂ ಓದಿಸಿಕೊಳ್ಳದೆ ಇದ್ದ ಗರಿಗಳು ಅವರ ಕೈಯಲ್ಲಿ ಮತ್ತೆ ಮಾತಾಡಿದವು. ಅವರ ಹೆಸರಿನ ಸಂಶೋಧನ ಕೇಂದ್ರ ಅದೇ ನಗರದಲ್ಲಿದೆ. ಸ್ತಂಭವನ್ನು ಕಂಡ ದಿನವೇ ಮಕ್ಕಳು ಒಂದು ಓಲೆಗರಿಯ ಕಟ್ಟನ್ನೂ ಕಾಣುವಂತಾದರೆ, ಶಿಲೆಯಂತೆ ಗರಿಯೂ ಚರಿತ್ರೆಯ ವಾಹನವೆಂಬುದು ಮನವರಿಕೆಯಾಗುವುದು.

ಕೂಡಲಸಂಗಮ: ನೀರಿನ ನಡುವಿನ ನೆನಪು

ವಿಜಯಪುರದಿಂದ ದಕ್ಷಿಣಕ್ಕೆ ಸಾಗಿದರೆ ಕೃಷ್ಣೆಯೂ ಮಲಪ್ರಭೆಯೂ ಕೂಡುವ ಸಂಗಮ. ಬಸವಣ್ಣನವರ ವಿದ್ಯಾಭ್ಯಾಸಕ್ಕೂ ಐಕ್ಯಕ್ಕೂ ಸಾಕ್ಷಿಯಾದ ಈ ಕ್ಷೇತ್ರದ ಮಹಿಮೆಯನ್ನು ಈ ಸಂಚಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ಇತಿಹಾಸದ ವಿದ್ಯಾರ್ಥಿಯು ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು.

ಮೊದಲನೆಯದು ಸ್ಥಳದ್ದು. ಕೃಷ್ಣೆಗೆ ಅಣೆಕಟ್ಟುಗಳಾದ ಮೇಲೆ ಹಿನ್ನೀರು ಸಂಗಮವನ್ನು ಆವರಿಸಿತು. ಐಕ್ಯಸ್ಥಳದ ಸುತ್ತ ಬಾವಿಯಂತೆ ಎತ್ತರದ ಗೋಡೆ ಕಟ್ಟಿ ಅದನ್ನು ಉಳಿಸಿಕೊಳ್ಳಲಾಗಿದೆ. ಸುತ್ತಲೂ ನೀರು, ನಡುವೆ ಮೆಟ್ಟಿಲಿಳಿದು ಹೋಗಬೇಕಾದ ಮಂಟಪ. ಸ್ಥಾನವನ್ನು ಬದಲಿಸಕೂಡದು ಎಂದು ಸಮಾಜವು ನಿಶ್ಚಯಿಸಿದರೆ ನೀರಿನ ನಡುವೆಯೂ ಅದು ಉಳಿಯಬಲ್ಲದೆಂಬುದಕ್ಕೆ ಇದು ನಿದರ್ಶನ. ಅದೇ ಹಿನ್ನೀರಿನ ಯೋಜನೆಯಲ್ಲಿ ಹಳೆಯ ಬಾಗಲಕೋಟೆಯ ಬಹುಭಾಗ ಮುಳುಗಿ ನವನಗರ ಹುಟ್ಟಿತು. ಎಷ್ಟೋ ಹಳ್ಳಿಗಳು ನೆಲೆ ಬದಲಿಸಿದವು. ಊರು ಎದ್ದು ಹೋಗುವಾಗ ಮನೆಯ ತೊಲೆಬಾಗಿಲುಗಳನ್ನು ಕೊಂಡೊಯ್ಯುವ ಜನ ಅಗಸೆಯ ಕಲ್ಲನ್ನು ನೆನೆಯುವರೇ ಎಂಬ ಪ್ರಶ್ನೆ ಇಲ್ಲಿ ತಾನಾಗಿ ಏಳುತ್ತದೆ.

ಎರಡನೆಯದು ಪ್ರಮಾಣದ್ದು. ಬಸವಣ್ಣನವರ ಚರಿತೆ ನಮಗೆ ಪುರಾಣಕಾವ್ಯಗಳಿಂದಲೂ ವಚನಗಳಿಂದಲೂ ತಿಳಿದಿದೆ. ಆದರೆ ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನ ಅರ್ಜುನವಾಡದಲ್ಲಿ ಕ್ರಿ.ಶ. 1260ರ ಶಾಸನವೊಂದು ಸಂಗನ ಬಸವನನ್ನೂ ಮಾದಿರಾಜನನ್ನೂ ಹೆಸರಿಸುತ್ತದೆ. ಐಕ್ಯವಾಗಿ ಇನ್ನೂ ನೂರು ವರ್ಷ ತುಂಬದಿರುವಾಗ ಹಾಕಿಸಿದ ಕಲ್ಲು ಅದು. ಭಕ್ತಿಗೆ ಈ ಕಲ್ಲಿನ ಅಗತ್ಯವಿಲ್ಲ, ಚರಿತ್ರೆಗೆ ಇದೆ. ಯಾವುದೋ ಒಂದು ಗ್ರಾಮದಲ್ಲಿ ಈ ಕಲ್ಲನ್ನು ಒಡೆದು ಅಡಿಪಾಯಕ್ಕೆ ಹಾಕಿದ್ದರೆ ಎಷ್ಟು ದೊಡ್ಡ ಸಾಕ್ಷಿ ನಷ್ಟವಾಗುತ್ತಿತ್ತೆಂದು ಶಿಕ್ಷಕರು ಮಕ್ಕಳನ್ನು ಯೋಚಿಸಲು ಬಿಡಬೇಕು.

ಐಹೊಳೆ: ಹೆಸರುಗಳ ಮರೆಯಲ್ಲಿ

ಐಹೊಳೆಗೆ ಬಂದವರು ಮೊದಲು ಗುಡ್ಡ ಹತ್ತಬೇಕು. ಮೇಲಿರುವ ಜಿನಾಲಯಕ್ಕೆ ಮೇಗುಟಿ ಎಂದು ಹೆಸರು. ಮೇಲಿನ ಗುಡಿಯೇ ಜನರ ಬಾಯಲ್ಲಿ ಮೇಗುಡಿಯಾಗಿ ಮೇಗುಟಿಯಾಯಿತು. ಅದರ ಪೂರ್ವದ ಹೊರಗೋಡೆಯಲ್ಲಿ ಶಕವರ್ಷ 556ರ, ಎಂದರೆ ಕ್ರಿ.ಶ. 634–35ರ, ರವಿಕೀರ್ತಿಯ ಪ್ರಶಸ್ತಿಯಿದೆ. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡದ ಪೂರ್ವರೂಪ. ಇಮ್ಮಡಿ ಪುಲಕೇಶಿಯು ಹರ್ಷನನ್ನು ತಡೆದ ಸಂಗತಿ ಇದರಲ್ಲಿದೆ. ಇನ್ನೂ ಸ್ವಾರಸ್ಯವಾದ ವಿಷಯವೆಂದರೆ, ರವಿಕೀರ್ತಿಯು ತನ್ನನ್ನು ಕಾಳಿದಾಸ ಭಾರವಿಗಳ ಕೀರ್ತಿಗೆ ಸರಿಗಟ್ಟಿಕೊಂಡಿದ್ದಾನೆ. ಕವಿಯ ಈ ಆತ್ಮಪ್ರಶಂಸೆಯಿಂದ ಸಾಹಿತ್ಯ ಚರಿತ್ರೆಗೆ ಒಂದು ದೊಡ್ಡ ಉಪಕಾರವಾಯಿತು. ತಮ್ಮ ಕಾಲವನ್ನು ಎಲ್ಲಿಯೂ ಹೇಳಿಕೊಳ್ಳದ ಆ ಇಬ್ಬರು ಮಹಾಕವಿಗಳು ಕ್ರಿ.ಶ. 634ಕ್ಕಿಂತ ಮೊದಲೇ ಪ್ರಸಿದ್ಧರಾಗಿದ್ದರೆಂದು ನಿಶ್ಚಯಿಸಲು ವಿದ್ವಾಂಸರಿಗೆ ಐಹೊಳೆಯ ಈ ಗೋಡೆಯೇ ಆಧಾರವಾಯಿತು.

ಕೆಳಗಿಳಿದರೆ ಗುಡಿಗಳ ಹೆಸರುಗಳೇ ಒಂದು ಪಾಠ. ದುರ್ಗದ ಗುಡಿ ದುರ್ಗೆಯ ಗುಡಿಯಲ್ಲ. ಕೋಟೆಯ ಮಗ್ಗುಲಲ್ಲಿ ಇದ್ದುದರಿಂದ ಆ ಹೆಸರು. ಲಾಡಖಾನ ಗುಡಿ ಎಂಬ ಹೆಸರು ಕಟ್ಟಿಸಿದವನದಲ್ಲ. ಒಂದು ಕಾಲದಲ್ಲಿ ಅಲ್ಲಿ ವಾಸವಾಗಿದ್ದವನದು. ಗೌಡರ ಗುಡಿ, ಚಿಕ್ಕಿ ಗುಡಿ, ಹುಚ್ಚಿಮಲ್ಲಿ ಗುಡಿ, ಹುಚ್ಚಪ್ಪಯ್ಯನ ಮಠ ಇವೆಲ್ಲ ಜನರೇ ಇಟ್ಟ ಹೆಸರುಗಳು. ಅರಸರು ಹೋದ ಮೇಲೆ ಗುಡಿಗಳಲ್ಲಿ ಜನ ವಾಸಮಾಡಿದರು, ದನ ಕಟ್ಟಿದರು, ಕಾಳು ತುಂಬಿದರು. ಇದನ್ನು ಕೇವಲ ಅನಾದರವೆಂದು ಹೀಗಳೆಯುವುದು ಸರಿಯಲ್ಲ. ಮನುಷ್ಯನ ಬಾಳಿಕೆಯಿದ್ದ ಕಟ್ಟಡಕ್ಕೆ ಸೋರಿದಾಗ ಮಣ್ಣು ಮುಚ್ಚುವ ಒಂದು ಕೈಯಾದರೂ ಇತ್ತು.

ದುರ್ಗದ ಗುಡಿಯ ಆವರಣದಲ್ಲಿ ಪುರಾತತ್ತ್ವ ಇಲಾಖೆಯ ಸಂಗ್ರಹಾಲಯವಿದೆ. ಚೆದುರಿದ್ದ ಶಿಲ್ಪಗಳನ್ನು ಇರಿಸಲು ಮೊದಲು ಕಟ್ಟಿದ ಕೋಣೆಯೇ ಮುಂದೆ ಸಂಗ್ರಹಾಲಯವಾಗಿ ಬೆಳೆಯಿತು. ಐಹೊಳೆಯ ಕಣಿವೆಯ ಪ್ರತಿಕೃತಿಯೊಂದು ಅಲ್ಲಿದ್ದು, ನದಿ ಎಲ್ಲಿ, ಗುಡ್ಡ ಎಲ್ಲಿ, ಗುಡಿಗಳು ಯಾವ ದಿಕ್ಕಿನಲ್ಲಿ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಅಯ್ಯಾವೊಳೆ ಐನೂರ್ವರೆಂಬ ವರ್ತಕಸಂಘದ ಹೆಸರಿನ ಮೂಲ ಈ ಚಿಕ್ಕ ಊರು. ಆ ಸಂಘದವರ ಹೆಸರಿನ 1088ರ ತಮಿಳು ಶಾಸನವೊಂದು ಸುಮಾತ್ರಾ ದ್ವೀಪದ ಬಾರುಸ್ ಎಂಬಲ್ಲಿ ದೊರೆತಿದೆ. ಹಳ್ಳದ ದಂಡೆಯ ಹಳ್ಳಿಯೆಂದು ಇಂದು ತೋರುವ ಊರಿನ ಹೆಸರು ಸಮುದ್ರ ದಾಟಿ ಹೋಗಿತ್ತು.

ವೀರಗಲ್ಲನ್ನು ಓದುವ ಕ್ರಮವನ್ನು ಮಕ್ಕಳಿಗೆ ಕಲಿಸಲು ಸಂಗ್ರಹಾಲಯದ ಅಂಗಳವೇ ತಕ್ಕ ಜಾಗ. ಪುಸ್ತಕವನ್ನು ಮೇಲಿನಿಂದ ಕೆಳಕ್ಕೆ ಓದುತ್ತೇವೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ತುರುಗಳನ್ನು ಬಿಡಿಸಲು, ಊರನ್ನು ಕಾಯಲು ವೀರನು ಹೋರುತ್ತಾನೆ. ನಡುವಿನ ಪಟ್ಟಿಕೆಯಲ್ಲಿ ದೇವಕನ್ಯೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲಿನದರಲ್ಲಿ ಅವನು ಲಿಂಗದ ಸನ್ನಿಧಿಯಲ್ಲಿ ಕುಳಿತಿರುತ್ತಾನೆ. ತುದಿಯಲ್ಲಿ ಸೂರ್ಯಚಂದ್ರರು, ಅವರಿರುವವರೆಗೂ ಈ ಕೀರ್ತಿ ಇರಲಿ ಎಂಬುದು ಅದರ ಅರ್ಥ. ಬಳೆ ತೊಟ್ಟ ತೋಳೊಂದು ಮೇಲೆದ್ದು ನಿಂತಿದ್ದರೆ ಅದು ಮಾಸ್ತಿಗಲ್ಲು. ಇಷ್ಟು ತಿಳಿದ ಬಾಲಕನಿಗೆ ಅಕ್ಷರ ಬಾರದಿದ್ದರೂ ಕಲ್ಲು ಓದಲು ಬರುತ್ತದೆ.

ಪಟ್ಟದಕಲ್ಲು: ಶಿಲ್ಪಿಗೂ ಪಟ್ಟ

ಐಹೊಳೆಯಿಂದ ಸ್ವಲ್ಪ ದೂರದಲ್ಲಿಯೇ ಪಟ್ಟದಕಲ್ಲು. 1987ರಲ್ಲಿ ಇದು ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿತು. ಇಲ್ಲಿಯೂ ಹೆಸರುಗಳು ಬದಲಾಗಿವೆ. ಇಂದಿನ ಸಂಗಮೇಶ್ವರ ಅಂದಿನ ವಿಜಯೇಶ್ವರ, ವಿಜಯಾದಿತ್ಯನು ಕಟ್ಟಿಸಿದ್ದು. ಇಂದಿನ ವಿರೂಪಾಕ್ಷ ಅಂದಿನ ಲೋಕೇಶ್ವರ. ಇಮ್ಮಡಿ ವಿಕ್ರಮಾದಿತ್ಯನ ಕಂಚಿಯ ಜಯದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು. ಇಂದಿನ ಮಲ್ಲಿಕಾರ್ಜುನ ಅಂದಿನ ತ್ರೈಲೋಕ್ಯೇಶ್ವರ. ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯ ನಿರ್ಮಾಣ. ದೇವರ ಹೆಸರಿನಲ್ಲಿ ರಾಣಿಯರ ಹೆಸರು ಬೆರೆತಿದ್ದುದು ಶಾಸನದಿಂದ ಮಾತ್ರ ತಿಳಿಯುತ್ತದೆ.

ವಿರೂಪಾಕ್ಷ ದೇವಾಲಯದ ಕನ್ನಡ ಶಾಸನಗಳಲ್ಲಿ ಅದನ್ನು ಕಟ್ಟಿದ ಸೂತ್ರಧಾರನ ಹೆಸರಿದೆ: ಗುಂಡ, ಬಿರುದು ಅನಿವಾರಿತಾಚಾರಿ. ಅರಸನು ಅವನಿಗೆ ಪೆರ್ಜೆರೆಪು ಎಂಬ ಪಟ್ಟವನ್ನು ಕಟ್ಟಿ ಗೌರವಿಸಿದನೆಂದು ಶಾಸನ ಹೇಳುತ್ತದೆ. ಅರಸರಿಗೆ ಪಟ್ಟ ಕಟ್ಟಿದ ಊರೆಂದು ಹೆಸರಾದಲ್ಲಿ ಕಲ್ಲು ಕಡೆದವನಿಗೂ ಪಟ್ಟ ದೊರೆಯಿತು. ಕೆಲವು ಶಿಲ್ಪಗಳ ಬಳಿ ಕಡೆದವರ ಹೆಸರುಗಳೂ ಕೊರೆಯಲ್ಪಟ್ಟಿವೆ. ಹಿಂದಿನವರು ಹೆಸರು ಬಯಸಲಿಲ್ಲ ಎಂದು ಸಾಮಾನ್ಯವಾಗಿ ಹೇಳುವ ಮಾತನ್ನು ಪಟ್ಟದಕಲ್ಲಿನಲ್ಲಿ ನಿಂತು ಹೇಳಲಾಗದು.

ಇದೇ ವಿಕ್ರಮಾದಿತ್ಯನ ಕನ್ನಡ ಶಾಸನವೊಂದು ಕಂಚಿಯ ಕೈಲಾಸನಾಥ ದೇವಾಲಯದಲ್ಲಿದೆ. ಗೆದ್ದ ನಗರದ ದೇವರ ಧನವನ್ನು ಕಂಡು ಅದನ್ನು ಕೊಳ್ಳೆ ಹೊಡೆಯದೆ ದೇವರಿಗೇ ಬಿಟ್ಟುಕೊಟ್ಟ ಸಂಗತಿಯನ್ನು ಅದು ತಿಳಿಸುತ್ತದೆ. ಪಟ್ಟದಕಲ್ಲಿನ ಗುಡಿಗೂ ಕಂಚಿಯ ಗುಡಿಗೂ ರೂಪದಲ್ಲಿ ಇರುವ ಬಾಂಧವ್ಯವನ್ನು ಶಿಲ್ಪಜ್ಞರು ಗುರುತಿಸಿದ್ದಾರೆ. ಯುದ್ಧದಿಂದ ಹಿಂದಿರುಗಿದ ಸೈನ್ಯದ ಜೊತೆಗೆ ಒಂದು ಕಲೆಯೂ ಮಲಪ್ರಭೆಯ ತೀರಕ್ಕೆ ಬಂದಿತು.

ಮಹಾಕೂಟ: ತೆರವಾದ ಎಡೆ

ಮಹಾಕೂಟದ ನೆಳಲು ತಂಪಾದುದು. ಚಿಲುಮೆಯ ನೀರು ತುಂಬಿದ ಪುಷ್ಕರಿಣಿ, ಅದರೊಳಗೆ ಚತುರ್ಮುಖ ಲಿಂಗವಿರುವ ಚಿಕ್ಕ ಮಂಟಪ, ಸುತ್ತಲೂ ದಕ್ಷಿಣದ ವಿಮಾನವೂ ಉತ್ತರದ ರೇಖಾಶಿಖರವೂ ಒಟ್ಟಿಗೆ ನಿಂತ ಗುಡಿಗಳು. ಭಕ್ತರು ಇಂದಿಗೂ ಇಲ್ಲಿ ಮೀಯುತ್ತಾರೆ. ಶಿಕ್ಷಕರು ಇಲ್ಲಿ ವಿಜಯಪುರದಲ್ಲಿ ಬರೆದುಕೊಂಡ ಹಾಳೆಯನ್ನು ತೆರೆಸಬೇಕು. ಆ ಧರ್ಮಜಯಸ್ತಂಭ ಈ ಕ್ಷೇತ್ರದ್ದು. ಅದು ಸಾರಿದ 10 ಗ್ರಾಮಗಳ ಆದಾಯ ಈ ಗುಡಿಗೆ ಬರುತ್ತಿತ್ತು. ಸ್ತಂಭವನ್ನು ಇಲ್ಲಿಯೇ ನಿಲ್ಲಿಸಿದ್ದರೆ, ಮಿಂದು ಬಂದ ಯಾತ್ರಿಕನು ಅದನ್ನು ಸುತ್ತಿ ನೋಡಿ, ಈ ನೀರಿಗೂ ಈ ಕಲ್ಲಿಗೂ ಇರುವ ಸಂಬಂಧವನ್ನು ಅರಿಯುತ್ತಿದ್ದನು. ಇಲ್ಲಿಯೇ ಬಿದ್ದಿದ್ದರೆ ಯಾವುದಾದರೂ ಕಟ್ಟೆಗೆ ಕಲ್ಲಾಗಿಯೂ ಹೋಗಬಹುದಿತ್ತು. ಸಂಗ್ರಹಾಲಯವು ಅಕ್ಷರವನ್ನು ಉಳಿಸಿತು, ಸಂಬಂಧವನ್ನು ಉಳಿಸಲಾರದೆ ಹೋಯಿತು. ಎರಡೂ ಸತ್ಯ. ಇವೆರಡನ್ನೂ ಒಟ್ಟಿಗೆ ಗ್ರಹಿಸುವ ವಿದ್ಯಾರ್ಥಿಯು ಇತಿಹಾಸದ ಮೊದಲ ಮೆಟ್ಟಿಲನ್ನು ಹತ್ತಿದಂತೆ.

ಹೋಗದೆ ಉಳಿದ ಕಲ್ಲೂ ಇಲ್ಲಿದೆ. ಮಹಾಕೂಟೇಶ್ವರ ಗುಡಿಯ ಮುಖಮಂಟಪದಲ್ಲಿ ವಿಜಯಾದಿತ್ಯನ ಕಾಲದ ಕನ್ನಡ ಶಾಸನವೊಂದು ವಿನಾಪೋಟಿ ಎಂಬ ಸ್ತ್ರೀಯ ದಾನವನ್ನು ಹೇಳುತ್ತದೆ. ಅರಸನಿಗೆ ಪ್ರಾಣವಲ್ಲಭೆಯಾಗಿದ್ದ ಅವಳು ದೇವರಿಗೆ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಕೊಡೆಯನ್ನೂ ಅರ್ಪಿಸಿದಳು. ಶಾಸನವು ಅವಳನ್ನು ತಾಯಿ ಮತ್ತು ತಾಯಿಯ ತಾಯಿಯ ಹೆಸರುಗಳಿಂದ ಗುರುತಿಸುತ್ತದೆ; ತಂದೆಯ ಹೆಸರು ಅಲ್ಲಿಲ್ಲ. ಮಾಣಿಕ್ಯದ ಪೀಠ ಇಂದು ಇಲ್ಲ, ಬೆಳ್ಳಿಯ ಕೊಡೆಯೂ ಇಲ್ಲ. ಅವಳು ಕೊಟ್ಟದ್ದು ಹೋಯಿತು. ಕೊಟ್ಟಳೆಂಬ ಮಾತು ಉಳಿಯಿತು. ದಾನಿಗಳಿಗೆ ಇದಕ್ಕಿಂತ ಸಮಾಧಾನಕರವಾದ ಶಾಸನ ಬೇರೊಂದು ಇರಲಾರದು.

ಬಾದಾಮಿ: ಬಂಡೆಯ ಮೇಲಿನ ತ್ರಿಪದಿ

ಬಾದಾಮಿ ಎಂದರೆ ಗುಹೆಗಳು ಎಂಬ ತಿಳಿವಳಿಕೆ ಸಾಮಾನ್ಯ. ಮೂರನೆಯ ಗುಹೆಯ ಶಕವರ್ಷ 500ರ, ಎಂದರೆ ಕ್ರಿ.ಶ. 578ರ ಮಂಗಳೇಶನ ಶಾಸನದಿಂದ ಆ ಗುಹೆಗೆ ನಿಶ್ಚಿತವಾದ ಕಾಲ ದೊರೆತಿದೆ. ಅದರ ಆಧಾರದ ಮೇಲೆಯೇ ಉಳಿದ ಎಷ್ಟೋ ಶಿಲ್ಪಗಳ ಕಾಲವನ್ನು ವಿದ್ವಾಂಸರು ತರ್ಕಿಸಿದ್ದಾರೆ. ಆದರೆ ಗುಹೆಗಳನ್ನು ನೋಡಿ ಮರಳುವವರು ಅಗಸ್ತ್ಯತೀರ್ಥದ ಆಚೆಯ ದಂಡೆಯನ್ನು ಬಿಟ್ಟರೆ ಅರ್ಧ ಬಾದಾಮಿಯನ್ನು ಬಿಟ್ಟಂತೆ. ಉತ್ತರದ ಬೆಟ್ಟದಲ್ಲಿ ಒಂದನೆಯ ಪುಲಕೇಶಿಯು ಶಕವರ್ಷ 465ರಲ್ಲಿ, ಎಂದರೆ ಕ್ರಿ.ಶ. 543ರಲ್ಲಿ, ಕೋಟೆ ಕಟ್ಟಿದ ಸಂಗತಿಯ ಶಾಸನವಿದೆ. ಅದೇ ಕೋಟೆಯನ್ನು 642ರಲ್ಲಿ ಪಲ್ಲವ ನರಸಿಂಹವರ್ಮನು ಹಿಡಿದು ಬಂಡೆಯ ಮೇಲೆ ತನ್ನ ಶಾಸನವನ್ನು ಬರೆಸಿದನು. ಚಾಲುಕ್ಯರು ರಾಜಧಾನಿಯನ್ನು ಮರಳಿ ಪಡೆದ ಮೇಲೆಯೂ ಆ ಬರೆಹ ಉಳಿಯಿತು. ಕಾಲದಿಂದ ಸವೆದಿದ್ದರೂ ಇಂದಿಗೂ ಇದೆ. ಕಂಚಿಯಲ್ಲಿ ಚಾಲುಕ್ಯನ ಶಾಸನವೂ ಹಾಗೆಯೇ ಉಳಿದಿದೆ. ತಮ್ಮ ಸೋಲನ್ನು ಹೇಳುವ ಕಲ್ಲುಗಳು ಎರಡು ರಾಜಧಾನಿಗಳಲ್ಲಿಯೂ ಉಳಿದುಕೊಂಡದ್ದು ಇಂದಿನವರು ಯೋಚಿಸತಕ್ಕ ವಿಷಯ.

ಕೆರೆಯ ಈಶಾನ್ಯಕ್ಕೆ ತಟ್ಟುಕೋಟೆಯ ಕಡೆಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಕಾಲ ಕ್ರಿ.ಶ. 700ರ ಸುಮಾರು. ಅವನು ಅರಸನೆಂಬುದಕ್ಕೆ ಸೂಚನೆಯಿಲ್ಲ, ಒಬ್ಬ ವೀರ. ಒಳ್ಳೆಯವರಿಗೆ ಒಳ್ಳೆಯವನು, ಕೆಣಕಿದವರಿಗೆ ಕೇಡು ಎಂಬುದು ಅವನ ವರ್ಣನೆಯ ಸಾರ. ಈ ಹತ್ತು ಸಾಲುಗಳ ಬರೆಹದಲ್ಲಿ ಒಂದು ಸಂಸ್ಕೃತ ಶ್ಲೋಕವೂ ಮೂರು ಕನ್ನಡ ತ್ರಿಪದಿಗಳೂ ಇವೆ. ದೊರೆತಿರುವ ಕನ್ನಡ ತ್ರಿಪದಿಗಳಲ್ಲಿ ಇವೇ ಅತ್ಯಂತ ಪ್ರಾಚೀನವಾದವು.

ತ್ರಿಪದಿಯ ಲಕ್ಷಣವನ್ನು ಪ್ರೌಢಶಾಲೆಯ ಮಕ್ಕಳು ಕಂಠಪಾಠ ಮಾಡಿರುತ್ತಾರೆ: ಮೂರು ಪಾದ, ಹನ್ನೊಂದು ಗಣ, ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ. ಪರೀಕ್ಷೆಗಾಗಿ ಓದಿದ ಈ ಸೂತ್ರವು ಬಂಡೆಯೆದುರು ನಿಂತಾಗ ಜೀವಗೊಳ್ಳುತ್ತದೆ. ಅಜ್ಜಿಯರು ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಿದ್ದು ಇದೇ ಛಂದಸ್ಸು. ಸರ್ವಜ್ಞನು ಊರೂರಿಗೆ ಕೊಂಡೊಯ್ದದ್ದು ಇದೇ ಛಂದಸ್ಸು. ಕೆಲವು ಮಕ್ಕಳ ಮನೆಗಳಲ್ಲಿ ಅದು ಇನ್ನೂ ಬಾಯಲ್ಲಿದೆ. ಮನೆಯ ಹಾಡು ಸಾವಿರದ ಮುನ್ನೂರು ವರ್ಷಗಳ ಹಿಂದಿನ ಬಂಡೆಯಲ್ಲಿ ದೊರೆತಾಗ, ಇತಿಹಾಸವೆಂದರೆ ಅರಸರ ಕತೆ, ತನಗೆ ಸಂಬಂಧವಿಲ್ಲದ್ದು ಎಂಬ ಬಾಲಕನ ಭಾವನೆ ಅಲ್ಲಿಗೆ ಮುಗಿಯುತ್ತದೆ.

ಕೆರೆಯ ಉತ್ತರ ದಂಡೆಯ ಸಂಗ್ರಹಾಲಯವನ್ನು ಕೊನೆಗೆ ನೋಡುವುದು ಒಳ್ಳೆಯದು. 1979ರಲ್ಲಿ ಶಿಲ್ಪಗಳ ಕೋಣೆಯಾಗಿ ಆರಂಭವಾಗಿ 1982ರಲ್ಲಿ ಸಂಗ್ರಹಾಲಯವಾದ ಇದರಲ್ಲಿ, ನಾಗನಾಥಕೊಳ್ಳದಿಂದ ತಂದ, ತಲೆಯ ಬದಲು ತಾವರೆಯಿರುವ ಮಾತೃದೇವತೆಯ ಶಿಲ್ಪವೂ, ಆದಿಮಾನವರು ವಾಸಿಸಿದ ಸಿಡಿಲಫಡಿಯ ಪ್ರತಿಕೃತಿಯೂ ಇವೆ. ಅರಸರಿಗೂ ಮೊದಲು, ಅಕ್ಷರಕ್ಕೂ ಮೊದಲು ಈ ಬೆಟ್ಟದಲ್ಲಿ ಮನುಷ್ಯರಿದ್ದರು ಎಂಬ ತಿಳಿವಿನೊಡನೆ ಪ್ರವಾಸ ಮುಗಿಯುತ್ತದೆ.

ಊರಿನ ಕಲ್ಲು

ಪ್ರವಾಸ ಮುಗಿದರೂ ಪಾಠ ಮುಗಿಯದು. ಅದರ ಕೊನೆಯ ಹಾಗೂ ಮುಖ್ಯವಾದ ಅಧ್ಯಾಯವಿರುವುದು ವಿದ್ಯಾರ್ಥಿಯ ಸ್ವಂತ ಊರಿನಲ್ಲಿ. ಬಾದಾಮಿ ಐಹೊಳೆಗಳಿಗೆ ಕಾವಲುಗಾರರಿದ್ದಾರೆ, ಬೇಲಿಯಿದೆ, 1958ರ ಕಾಯ್ದೆಯ ರಕ್ಷಣೆಯಿದೆ. ಆದರೆ ಈ ಸೀಮೆಯಲ್ಲಿ ಅಗಸೆಯ ಬಳಿ, ಹನುಮಪ್ಪನ ಗುಡಿಯ ಹಿಂದೆ, ಕೆರೆಯ ಏರಿಯ ಮೇಲೆ ಒಂದಾದರೂ ಹಳೆಯ ಕಲ್ಲು ಇಲ್ಲದ ಊರು ವಿರಳ. ಅದಕ್ಕೆ ಕಾವಲಿಲ್ಲ. ಕೆಲವನ್ನು ಅರಿವೆ ಒಗೆಯಲು ಹಾಸಿದ್ದಾರೆ. ಕೆಲವಕ್ಕೆ ಭಕ್ತಿಯಿಂದಲೇ ಸುಣ್ಣವನ್ನೋ ಎಣ್ಣೆಬಣ್ಣವನ್ನೋ ಬಳಿದು ಅಕ್ಷರ ಮುಚ್ಚಿದ್ದಾರೆ. ಕೆಲವು ಹೊಸ ಗುಡಿಯ ಅಡಿಪಾಯಕ್ಕೆ ಹೋಗಿವೆ. ಕೆಲವನ್ನು ನಿಧಿಯ ಆಸೆಯಿಂದ ಅಗೆದು ಕೆಡವಿದ್ದಾರೆ. ಶಾಸನದಲ್ಲಿ ನಿಧಿಯ ಗುರುತಿದೆ ಎಂಬ ಭ್ರಮೆ ಎಷ್ಟೋ ಕಲ್ಲುಗಳ ಪ್ರಾಣ ತೆಗೆದಿದೆ. ಅದರಲ್ಲಿ ಇರುವುದು ಸಾಮಾನ್ಯವಾಗಿ ಇಷ್ಟೇ: ಇಂಥವನು ಇಂಥ ದಿನ ಇಷ್ಟು ಮತ್ತರು ಭೂಮಿ ಬಿಟ್ಟನು, ಇದನ್ನು ಅಳಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುವನು. ಈ ಮಾತನ್ನು ಓದಬಲ್ಲ ಒಬ್ಬ ಹುಡುಗ ಊರಿನಲ್ಲಿದ್ದರೆ ಗುದ್ದಲಿ ಹಿಡಿದ ಕೈ ತಡೆಯಬಹುದು.

ಓಲೆಗರಿ ಕಾಗದಗಳ ಪಾಡೂ ಇಂಥದೇ. ಓದಲು ಬಾರದ್ದನ್ನು ಮನೆಯಲ್ಲಿ ಇಡಬಾರದೆಂದು ಹೊಳೆಗೆ ಬಿಟ್ಟ ಕಟ್ಟುಗಳೆಷ್ಟೋ. ಹಳಕಟ್ಟಿಯವರು ಹುಡುಕಿಕೊಂಡು ಹೋಗದಿದ್ದರೆ ಇಂದು ಪ್ರಾರ್ಥನೆಯಲ್ಲಿ ಹೇಳುವ ಎಷ್ಟೋ ವಚನಗಳೂ ಆ ದಾರಿಯನ್ನೇ ಹಿಡಿಯುತ್ತಿದ್ದವು. 1972ರ ಕಾಯ್ದೆಯು ನೂರು ವರ್ಷ ಮೀರಿದ ಶಿಲ್ಪಾದಿಗಳನ್ನೂ ಎಪ್ಪತ್ತೈದು ವರ್ಷ ಮೀರಿದ ಬೆಲೆಯುಳ್ಳ ಹಸ್ತಪ್ರತಿಗಳನ್ನೂ ಪ್ರಾಚ್ಯವಸ್ತುಗಳೆಂದು ಎಣಿಸಿ, ಖಾಸಗಿಯವರು ಅವನ್ನು ದೇಶದ ಹೊರಗೆ ಸಾಗಿಸುವುದನ್ನು ನಿಷೇಧಿಸಿದೆ. ಪರಂಪರೆಯನ್ನು ಕಾಪಾಡುವುದು ಪೌರರ ಮೂಲಭೂತ ಕರ್ತವ್ಯವೆಂದು 1976ರಲ್ಲಿ ಸಂವಿಧಾನಕ್ಕೆ ಸೇರಿಸಲಾಯಿತು. ಆದರೆ ಕಾಯ್ದೆಗೆ ಕಣ್ಣಿಲ್ಲ. ಊರಿನವರ ಕಣ್ಣೇ ಅದರ ಕಣ್ಣು.

ಪ್ರವಾಸದ ಕ್ರಮ

ಆದುದರಿಂದ ಶಾಲೆಗಳ ಪ್ರವಾಸವು ಕೆಲವು ನಿಯಮಗಳಿಗೆ ಒಳಪಡುವುದು ಲೇಸು. ಹೊರಡುವ ಮೊದಲು ಒಂದು ವಾರ ಕನ್ನಡ ಮತ್ತು ಇತಿಹಾಸದ ಶಿಕ್ಷಕರು ಕೂಡಿ ಪಾಠ ಹೇಳಬೇಕು. ಹಳಗನ್ನಡದ ಹತ್ತು ಅಕ್ಷರಗಳನ್ನಾದರೂ ಕರಿಹಲಗೆಯ ಮೇಲೆ ಬರೆದು ಗುರುತಿಸಲು ಕಲಿಸಬೇಕು. ತಾನು ಬಲ್ಲ ಒಂದೇ ಒಂದು ಅಕ್ಷರ ಗುಹೆಯ ಕಂಬದಲ್ಲಿ ಸಿಕ್ಕಿದರೂ ಬಾಲಕನ ಹಿಗ್ಗಿಗೆ ಪಾರವಿಲ್ಲ. ಪುರಾತತ್ತ್ವ ಇಲಾಖೆಯ ಈ ಸಂಗ್ರಹಾಲಯಗಳಿಗೆ ಶುಕ್ರವಾರ ರಜೆ. ಆ ದಿನವನ್ನು ಬಿಟ್ಟು ಹೊರಡಬೇಕು. ಪ್ರತಿಯೊಬ್ಬ ವಿದ್ಯಾರ್ಥಿಯೂ ಪ್ರತಿ ಸ್ಥಳದಲ್ಲಿ ಒಂದೇ ವಸ್ತುವನ್ನು ಆರಿಸಿಕೊ೦ಡು ಅರ್ಧ ಗಂಟೆ ಅದರ ಮುಂದೆ ಕುಳಿತು ಚಿತ್ರ ಬಿಡಿಸಲಿ, ವಿವರ ಬರೆಯಲಿ. ನೂರನ್ನು ನೋಡಿ ಮರೆಯುವುದಕ್ಕಿಂತ ನಾಲ್ಕನ್ನು ನೋಡಿ ನೆನೆಯುವುದು ಮೇಲು.

ಮರಳಿದ ಮೇಲೆ ಬೇಸಗೆಯ ರಜೆಯಲ್ಲಿ ತನ್ನ ಊರಿನ ಒಂದು ಕಲ್ಲಿನ ವಿವರವನ್ನು ಪ್ರತಿಯೊಬ್ಬನೂ ಬರೆದು ತರಲಿ: ಎಲ್ಲಿದೆ, ಎಷ್ಟು ಎತ್ತರ, ಯಾವ ಚಿತ್ರ, ಎಷ್ಟು ಸಾಲು ಬರೆಹ, ಊರವರು ಅದನ್ನು ಏನೆಂದು ಕರೆಯುತ್ತಾರೆ. ಕಲ್ಲನ್ನು ಉಜ್ಜಕೂಡದು, ಅಕ್ಷರಗಳ ಮೇಲೆ ಸುಣ್ಣ ಬಣ್ಣ ತುಂಬಕೂಡದು. ಬರೆಹವಿರುವ ಕಲ್ಲುಗಳ ಸುದ್ದಿಯನ್ನು ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಗೋ ರಾಜ್ಯದ ಪುರಾತತ್ತ್ವ ಇಲಾಖೆಗೋ ಶಾಲೆಯ ಮೂಲಕ ತಿಳಿಸಬಹುದು. ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಹರಡಿ, ಕುಂಚದಿಂದ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆಯುವುದು ಬಲ್ಲವರ ಕೆಲಸ. ಅದನ್ನು ಅವರಿಗೇ ಬಿಡಬೇಕು.

ಇಲ್ಲಿ ಹಳೆಯ ವಿದ್ಯಾರ್ಥಿಗಳಿಗೂ ದಾನಿಗಳಿಗೂ ಒಂದು ಅವಕಾಶವಿದೆ. ಶಾಲೆಯಲ್ಲಿ ಒಂದು ಚಿಕ್ಕ ಕೋಣೆಯನ್ನು ಇತಿಹಾಸಕ್ಕಾಗಿ ಮೀಸಲಿಡಬಹುದು. ಅದರಲ್ಲಿ ಮಕ್ಕಳು ಬರೆದ ಈ ದಾಖಲೆಗಳ ವಹಿಗಳಿರಲಿ, ಕಲ್ಲುಗಳ ಭಾವಚಿತ್ರಗಳಿರಲಿ, ಶಾಸನ ಸಂಪುಟಗಳಿರಲಿ, ಮನೆಯವರು ಮನಸ್ಸಿನಿಂದ ಒಪ್ಪಿಸಿದ ಓಲೆಗರಿಗಳಿಗೆ ಹುಳು ಹತ್ತದಂಥ ಕಪಾಟಿರಲಿ. ಆದರೆ ಊರುಗಳಿಂದ ಕಲ್ಲುಗಳನ್ನು ಎತ್ತಿ ತಂದು ಆ ಕೋಣೆಯನ್ನು ತುಂಬುವುದು ಬೇಡ. ಅನಿವಾರ್ಯವಾದಾಗ ಅದನ್ನು ಮಾಡಲು ಸರ್ಕಾರದ ಸಂಗ್ರಹಾಲಯಗಳಿವೆ. ಶಾಲೆಯ ಕೆಲಸ ಕಲ್ಲನ್ನು ತರುವುದಲ್ಲ. ಕಲ್ಲಿನ ಬಳಿಗೆ ಓದುಗನನ್ನು ಕಳಿಸುವುದು.

ಮಂಗಳೇಶನ ಸ್ತಂಭ ಇಂದು ವಿಜಯಪುರದಲ್ಲಿ ಸುರಕ್ಷಿತವಾಗಿದೆ. ಮಹಾಕೂಟದಲ್ಲಿ ಅದರ ಎಡೆ ತೆರವಾಗಿದೆ. ಆ ತೆರವನ್ನು ಕಂಡು ಬಂದ ವಿದ್ಯಾರ್ಥಿಯು ತನ್ನ ಊರಿನ ಅಗಸೆಯ ಕಲ್ಲು ಅಗಸೆಯಲ್ಲಿಯೇ ನಿಂತಿರುವಂತೆ ನೋಡಿಕೊಂಡರೆ, ಮೂರು ದಿನಗಳ ಪ್ರವಾಸಕ್ಕೆ ವೆಚ್ಚವಾದ ಹಣವೂ ಶ್ರಮವೂ ಸಾರ್ಥಕ.